ಸ್ವಂತ ವಾಕ್ಯದಲ್ಲಿ ಬಳಸಿ

೧೧ ಜುಲೈ ೧೯೭೮, ಸಂಜೆ ೬
ಒಂಬತ್ತನೇ ಕ್ಲಾಸಿನ ನೋಟ್‌ಬುಕ್ ತಿದ್ದಿ ಮುಗಿಯಿತು. ಈ ವಾರದ ಪದ: ಕುಲಹೀನ. ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಬೇಕು. ಎಲ್ಲರದ್ದೂ ಒಂದೇ — ರಾಜನು ಕುಲಹೀನನನ್ನು ಮಂತ್ರಿ ಮಾಡಲಿಲ್ಲ. ನನ್ನ ಮಗಳು ಕಾಮಾಕ್ಷಿಯದು ಮಾತ್ರ ಬೇರೆ. ‘ಚಿಕ್ಕತಾಯಮ್ಮ ಕುಲಹೀನಳು.’ ಕಡೇ ಬೆಂಚಿನ ಹುಡುಗಿಯ ಹೆಸರು. ಕೈ ಒಂದು ಕ್ಷಣ ತಡೆಯಿತು. ಸ್ತ್ರೀಲಿಂಗ ಸರಿಯಾಗಿತ್ತು. ಟಿಕ್ ಹಾಕಿದೆ.

೧೨ ಜುಲೈ
ಸ್ತ್ರೀಲಿಂಗ ರೂಪ ಬಳಸಿದವರು ಯಾರು ಎಂದೆ. ಕಾಮಾಕ್ಷಿ ತಾನೇ ಎದ್ದು ಓದಿದಳು. ಕ್ಲಾಸೆಲ್ಲ ನಕ್ಕಿತು. ಸರಿಯಾದ ಉತ್ತರವನ್ನು ಎಲ್ಲರೂ ಬರೆದುಕೊಳ್ಳಬೇಕೆಂದು ನಾನೇ ಮಾಡಿದ ರೂಲ್. ಚಿಕ್ಕತಾಯಮ್ಮನೂ ತಲೆ ತಗ್ಗಿಸಿ ಬರೆದುಕೊಂಡಳು. ನೋಡಿದೆ. ‘ಮುಂದಿನ ಪದ’ ಎಂದೆ.

೨೧ ಜುಲೈ
ಎಂಟು ದಿನದಿಂದ ಚಿಕ್ಕತಾಯಮ್ಮ ಕ್ಲಾಸಿಗೆ ಬಂದಿಲ್ಲ. ಹೆಡ್‌ಮಾಸ್ಟರ್ ರಾಮಸ್ವಾಮಿಯವರಿಗೆ ಹೇಳಿದೆ. ‘ವಿಡುಂಗಮ್ಮಾ, ಬಿಡಿ, ಅವರೆಲ್ಲ ಹಂಗೇ. ಹೆಸರು ಹೊಡೆದುಹಾಕಿ.’ ಹೊಡೆಯಲಿಲ್ಲ.

೨೩ ಜುಲೈ, ಭಾನುವಾರ
ಚಿಕ್ಕತಾಯಮ್ಮನ ಊರು ಅವಲಪಲ್ಲಿಗೆ ಹೋಗಿದ್ದೆ. ತಂದೆ ಬಚ್ಚಪ್ಪ ಫ್ಯಾಕ್ಟರಿಯಲ್ಲಿ ಕಸ ಗುಡಿಸುತ್ತಾನೆ. ಇವತ್ತು ರಜ. ಚಾಪೆ ಹಾಸಿ ತಾನು ಅಂಗಳದಲ್ಲೇ ನಿಂತ. ಮಗಳ ನೋಟ್‌ಬುಕ್ ತಂದು ಚಾಚಿದ.
‘ನಂಗೆ ಓದಾಕ್ ಬರಾಕಿಲ್ಲ ತಾಯಿ. ಈ ಹಾಳೇನೇ ನೋಡ್ಕೊಂಡ್ ಕುಂತಿರ್ತಾಳೆ. ಏನ್ ಬರ್ದವ್ಳೆ, ವಸಿ ಓದಿ.’
‘ಚಿಕ್ಕತಾಯಮ್ಮ ಚೆನ್ನಾಗಿ ಓದುತ್ತಾಳೆ’ ಎಂದು ಓದಿದೆ.
ಒಳಗಿನಿಂದ ಅವಳು ಬಂದಳು. ‘ಸುಳ್ಳು ಕಣಪ್ಪಾ.’ ಪುಸ್ತಕ ಕಸಿದುಕೊಂಡು ಓದಿದಳು. ಒಂದಕ್ಷರವೂ ತಪ್ಪಿಲ್ಲ. ಅರ್ಥವನ್ನೂ ಹೇಳಿದಳು, ನಾನು ಬೋರ್ಡಿನ ಮೇಲೆ ಬರೆದ ಹಾಗೆಯೇ — ಕೀಳು ಕುಲದಲ್ಲಿ ಹುಟ್ಟಿದವಳು.
ಬಚ್ಚಪ್ಪ ನನ್ನ ಕಡೆ ತಿರುಗಿದ. ‘ಚೆನ್ನಾಗ್ ಓದ್ತಾಳೆ ಅಂದ್ರಲ್ಲ ತಾಯಿ, ಅದೂ ಸುಳ್ಳಾ?’
‘ಇಲ್ಲ. ಅದು ನಿಜ.’
‘ಹಂಗಾರೆ ನೀವಿನ್ನು ಹೊಂಡಿ.’

ರಾತ್ರಿ ಊಟಕ್ಕೆ ಕುಳಿತಾಗ ಕಾಮಾಕ್ಷಿಗೆ ಹೇಳಿದೆ, ಹೋಗಿ ಕ್ಷಮೆ ಕೇಳು. ‘ನಾನ್ಯಾಕೆ? ಅವರನ್ನ ಮುಟ್ಟಬೇಡ, ಅವಳ ಪಕ್ಕ ಕೂರಬೇಡ ಅಂತ ಹೇಳಿಕೊಟ್ಟಿದ್ದು ನೀನಲ್ವಾ ಅಮ್ಮ?’
ಹೇಳಿಕೊಟ್ಟಿದ್ದೆ. ಒಂದನೇ ಕ್ಲಾಸಿಗೆ ಸೇರಿಸಿದ ದಿನವೇ.

೩ ಅಕ್ಟೋಬರ್
ಹಾಜರಿ ಪುಸ್ತಕದಲ್ಲಿ ಚಿಕ್ಕತಾಯಮ್ಮನ ಹೆಸರು ಹೊಡೆದುಹಾಕಿದ್ದಾರೆ. ನಾನಲ್ಲ. ಆದರೂ...

೨೦ ಜನವರಿ ೧೯೭೯
ಪ್ಯೂನ್ ಆವುಲಪ್ಪ ಅವಲಪಲ್ಲಿಯವನೇ. ಅವನಿಂದ ಸುದ್ದಿ. ‘ಬಚ್ಚಪ್ಪನ್ ಮಗ್ಳು, ಕೃಷ್ಣಗಿರಿ ತಾವ ಜಲ್ಲಿ ಕೆಲ್ಸುಕ್ಕೋಗಿದ್ಲು. ಅತ್ತೆ ಕರ್ಕೊಂಡೋಗಿದ್ಲು. ಮಿಷನ್‌ಗೆ ಬಲಗೈ ಸಿಕ್ಬುಡ್ತು ಅಮ್ಮಾ.’ ಪಾಠ ಮಾಡಲಾಗಲಿಲ್ಲ.

೨೧ ಜನವರಿ, ಭಾನುವಾರ
ಕೃಷ್ಣಗಿರಿ ಆಸ್ಪತ್ರೆ. ಕಾಮಾಕ್ಷಿ ತಾನೇ ಬರುತ್ತೇನೆಂದಳು. ಬ್ಯಾಂಡೇಜ್ ಮಣಿಕಟ್ಟಿಗೇ ಮುಗಿದಿದೆ. ಮುಂದೆ ಏನೂ ಇಲ್ಲ. ಬಚ್ಚಪ್ಪ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಮಾಕ್ಷಿ ಮಂಚದ ಅಂಚಿಗೆ ಹೋಗಿ ‘ತಾಯಮ್ಮ’ ಎಂದಳು. ಅವಳು ಗೋಡೆ ಕಡೆ ತಿರುಗಿಕೊಂಡಳು. ನಾನು ಬಾಯಿ ತೆರೆದೆ.
‘ಟೀಚರ್, ನೀವು ಏನೂ ಹೇಳ್ಬ್ಯಾಡಿ’ ಎಂದಳು, ಗೋಡೆ ನೋಡುತ್ತಲೇ.
ವಾಪಸು ಬರುವಾಗ ಬಸ್ಸು ಶೂಲಗಿರಿ ದಾಟಿತು. ಕಾಮಾಕ್ಷಿ ನನ್ನ ಪಕ್ಕದಿಂದ ಎದ್ದು ಎದುರು ಸೀಟಿಗೆ ಹೋಗಿ ಕುಳಿತಳು. ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಊರು ಬರುವವರೆಗೂ ನನ್ನ ಪಕ್ಕ ಕೂರಲಿಲ್ಲ.