ಹದಿನಾಲ್ಕು ರಾತ್ರಿಗಳ ಸೊನ್ನೆ

ಗುರುವಾರ, ಐದನೇ ತಾರೀಖು

ನನ್ನ ಮಗಳ ಅಪ್ಪನಿಗೆ,

ಕ್ಷೇಮವೇ ಎಂದು ಕೇಳಿ ಶುರು ಮಾಡುವುದು ರೂಢಿ. ನಾನು ಕೇಳುವುದಿಲ್ಲ. ಅಕ್ಕನ ಮನೆಯಲ್ಲಿ ಹೊತ್ತುಹೊತ್ತಿಗೆ ಉಂಡು, ಫೋನ್ ಹಿಡಿದು ನನ್ನ ಮನೆಯ ಕರೆಂಟು ಎಣಿಸುತ್ತ ಕೂತವರಿಗೆ ಏನು ಕೇಡು? ಏಳನೇ ಕ್ಲಾಸನ್ನು ಎರಡು ಸಲ ಅರ್ಧಕ್ಕೆ ಬಿಟ್ಟವಳು ನಾನು. ಈ ಕಾಗದದಲ್ಲಿ ತಪ್ಪು ಸಿಕ್ಕರೆ ಗೆರೆ ಎಳೆದು ಅದನ್ನೂ ಕೋರ್ಟಿಗೆ ಕೊಡಿ.

ಹೋದ ಶುಕ್ರವಾರ ಕೋರ್ಟಿನ ಸಲಹೆಗಾರ್ತಿ ನಿಮ್ಮ ಹದಿನಾಲ್ಕು ಹಾಳೆಗಳನ್ನು ನನ್ನ ಮುಂದೆ ಹರಡಿದರು. ದಿನಕ್ಕೊಂದು ಹಾಳೆ, ಹದಿನಾರರಿಂದ ಇಪ್ಪತ್ತೊಂಬತ್ತರವರೆಗೆ. ಹಳದಿ ಗೆರೆ ಮಾಡಿನ ಮೇಲಿನ ಸೋಲಾರ್ ಫಲಕದಲ್ಲಿ ಬಿಸಿಲಿನಿಂದ ಹುಟ್ಟಿದ ಕರೆಂಟು, ನೀಲಿ ಗೆರೆ ಮನೆಯಲ್ಲಿ ಬಳಸಿದ್ದು. ಮಧ್ಯಾಹ್ನ ನಾನು ಗುಂಡಿ ಹೊಲಿಯುವ ಕಾರ್ಖಾನೆಯಲ್ಲಿ, ಮಗಳು ಸ್ಕೂಲಿನಲ್ಲಿ. ನೀಲಿ ಗೆರೆ ಮಾತ್ರ ಬೆಟ್ಟ ಹತ್ತಿದೆ. ರಾತ್ರಿ ಪೂರ್ತಿ ಸೊನ್ನೆ. ಆಕೆ ಕನ್ನಡಕ ಸರಿಮಾಡಿಕೊಂಡು, “ಅಮ್ಮಾ, ಹಗಲು ಮನೇಲಿ ಯಾರಿರ್ತಾರೆ? ರಾತ್ರಿ ನೀವಿಬ್ರೂ ಎಲ್ಲಿ ಮಲಗ್ತೀರಿ?” ಎಂದು ಕೇಳಿದರು. ಹೊರಗೆ ಬೆಂಚಿನ ಮೇಲಿದ್ದ ನಿಮ್ಮ ಅಕ್ಕ, “ಮನುಷ್ಯರು ಸುಳ್ಳು ಹೇಳ್ತಾರೆ, ಗ್ರಾಫು ಹೇಳುತ್ತಾ?” ಎಂದು ನನಗೆ ಕೇಳುವ ಹಾಗೇ ಅಂದರು. ಅದು ನಿಮ್ಮ ಮಾತು, ಅವರು ಬರೀ ಬಾಯಿ.

ಹಗಲು ಗಂಡಸನ್ನು ಕರೆಸಿಕೊಂಡು ರಾತ್ರಿ ಬೇರೆಲ್ಲೋ ಮಲಗುವ ಇಂಥ ತಾಯಿಯ ಹತ್ತಿರ ಮಗಳು ಇರಬಾರದು ಎಂಬುದೇ ನಿಮ್ಮ ಅರ್ಜಿ. ಸೋಮವಾರ ತೀರ್ಮಾನ.

ನನ್ನ ಸ್ವಭಾವ ನಿಮಗೆ ಗೊತ್ತು. ಬೀಗ ಹಾಕಿ ಬೀದಿ ತಿರುವಿನಿಂದ ವಾಪಸು ಬಂದು ಎಳೆದು ನೋಡುವವಳು. ಆ ಹಾಳೆ ನೋಡಿದ ಮೇಲೆ ನನ್ನನ್ನು ನಾನೇ ನಂಬಲಿಲ್ಲ. ಸುತ್ತಲಿನವರ ಹತ್ತಿರ ನಮ್ಮ ಮನೆಯ ಕೀಲಿ ಇದೆಯೋ ಏನೋ ಎಂದು ಚಿಲಕ ಬದಲಿಸಿದೆ. ನಿದ್ದೆಯಲ್ಲಿ ಎದ್ದು ನಡೆಯುತ್ತೇನಾ ಎಂದು ಮಗಳನ್ನು ಕೇಳಿದೆ. “ನಡೆಯಲ್ಲ ಅಮ್ಮಾ, ಗೊರಕೆ ಹೊಡೀತೀಯ” ಅಂದಳು.

ಶನಿವಾರ ಹಾಲು ತೆಗೆಯಲು ಫ್ರಿಜ್ಜಿನ ಬಾಗಿಲು ಹಿಡಿದವಳು ಹಾಗೇ ನಿಂತೆ. ಅದು ಗುರ್ ಅನ್ನುತ್ತಿತ್ತು. ಮನೆಯವರೆಲ್ಲ ಊರು ಬಿಟ್ಟರೂ ಫ್ರಿಜ್ಜು ಊರು ಬಿಡುವುದಿಲ್ಲವಲ್ಲ. ಹಾಗಿದ್ದಮೇಲೆ ರಾತ್ರಿ ಸೊನ್ನೆ ಹೇಗಾದೀತು? ಹತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ತಲೆಗೆ ಇದು ಹೊಳೆಯಲಿಲ್ಲವೇ? ಹೊಳೆಯುವುದು ಬೇಕಿರಲಿಲ್ಲ.

ನೀವು ಮಗಳಿಗೆಂದು ಬಿಟ್ಟುಹೋದ ಹಳೇ ಫೋನಿನಲ್ಲಿ ಈ ಗೆರೆಗಳನ್ನು ಬರೆಯುವ ಆ ಸಾಫ್ಟ್‌ವೇರ್ ಇನ್ನೂ ತೆರೆಯುತ್ತದೆ. ಭಾನುವಾರ ಬೆಳಗಿನಿಂದ ಅದರ ಮುಂದೆ ಕೂತೆ. ನೀಲಿ ಗೆರೆ ಹೆಚ್ಚುಕಡಿಮೆ ಹಳದಿಯ ಎರಡರಷ್ಟು. ಮೋಡ ಬಂದರೆ ಹಳದಿ ಇಳಿಯಿತು, ಅದರ ಹಿಂದೆ ನೀಲಿಯೂ ಇಳಿಯಿತು. ನನ್ನ ಮನೆಗೆ ಬರುತ್ತಾನೆ ಎಂದು ನೀವು ಬರೆದಿರುವ ಆ ಗಂಡಸು ಆಕಾಶ ನೋಡಿಕೊಂಡು ಸ್ವಿಚ್ಚು ಆರಿಸುತ್ತಾನೆಯೇ? ಅಂಥವನು ಸಿಕ್ಕರೆ ನಿಮಗಿಂತ ವಾಸಿ.

ನಡುಮಧ್ಯಾಹ್ನ ಇಸ್ತ್ರಿಪೆಟ್ಟಿಗೆ ಹಾಕಿದೆ. ಬಳಕೆ ಹೆಚ್ಚಿದರೆ ನೀಲಿ ಏರಬೇಕಲ್ಲವೇ? ಇಳಿಯಿತು. ಆರಿಸಿದೆ, ಏರಿತು. ಐದು ಸಲ ಮಾಡಿ ಮಗಳ ನೋಟುಪುಸ್ತಕದಲ್ಲಿ ಗಂಟೆ ನಿಮಿಷ ಬರೆದೆ. ಅವಳ ಯೂನಿಫಾರಂ ಒಂದೂ ಸುಕ್ಕಿಲ್ಲದ ಹಾಗೆ ಆಯಿತು.

ಆಮೇಲೆ ಎದುರು ಮನೆಯ ನರ್ಸಮ್ಮನನ್ನು ಕರೆದೆ. ಕರೆಂಟೆಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ನಾನೇನಾದರೂ ಅಂಟಿಕೊಂಡರೆ ಎಳೆಯಲೆಂದು ಆಕೆ ಮರದ ಕೋಲು ಹಿಡಿದು, “ಹೊಡೆಯೋಕ್ಕೂ ಇದೇ ಸಾಕು, ಬೇಕಾದ್ರೆ ನಿನ್ನ ಗಂಡನ್ನೂ ಕರಿ” ಎನ್ನುತ್ತ ಪಕ್ಕದಲ್ಲಿ ನಿಂತಳು. ಮೀಟರಿನ ಪೆಟ್ಟಿಗೆ ತೆರೆದೆ. ಬೀದಿ ಕಂಬದಿಂದ ಬರುವ ತಂತಿಗೆ ಒಂದು ಕ್ಲಿಪ್ಪು ಕಚ್ಚಿಕೊಂಡಿದೆ. ಒಳಗೆ ಬರುವ ಕರೆಂಟು ಎಷ್ಟು, ಹೊರಗೆ ಹೋಗುವುದೆಷ್ಟು ಎಂದು ಸಾಫ್ಟ್‌ವೇರಿಗೆ ಹೇಳುವುದು ಅದೇ. ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದ ಚಿತ್ರದಲ್ಲಿ ಕ್ಲಿಪ್ಪಿನ ಬಾಣ ಮನೆಯ ಕಡೆಗಿದೆ. ನಮ್ಮ ಕ್ಲಿಪ್ಪಿನ ಬಾಣ ಬೀದಿಯ ಕಡೆಗಿದೆ. ಬಂದದ್ದನ್ನು ಹೋಯಿತು, ಹೋದದ್ದನ್ನು ಬಂತು ಎಂದು ಅದು ಎಣಿಸುತ್ತಿದೆ. ಮಧ್ಯಾಹ್ನ ನಾವು ಬಳಸದೆ ಕಂಬಕ್ಕೆ ಹೋದದ್ದೆಲ್ಲ ನಾವೇ ಬಳಸಿದ್ದಾಯಿತು. ಇಸ್ತ್ರಿ ಹಾಕಿದಾಗ ಕಂಬಕ್ಕೆ ಹೋಗುವುದು ಕಡಿಮೆಯಾಗಿ ನೀಲಿಯೂ ಇಳಿಯಿತು. ರಾತ್ರಿ ನಿಜವಾಗಿ ಬಳಸಿದ್ದು ಹೊರಗೆ ಹೋದ ಲೆಕ್ಕಕ್ಕೆ ಸೇರಿ ಸೊನ್ನೆಯಾಯಿತು.

ಹದಿನಾಲ್ಕನೇ ತಾರೀಖಿನವರೆಗೆ ಗೆರೆಗಳು ನೆಟ್ಟಗಿವೆ. ಹದಿನೈದಕ್ಕೆ ನೀವು ಸ್ಪ್ಯಾನರ್ ಚೀಲ ಒಯ್ಯಲು ಬಂದಿರಿ. ಬಾಗಿಲಲ್ಲೇ ಚೀಲ ಇಟ್ಟಿದ್ದೆ, ಆದರೂ ಮೀಟರ್ ನೋಡುತ್ತೇನೆ ಎಂದು ಪೆಟ್ಟಿಗೆಗೆ ಕೈ ಹಾಕಿದಿರಿ. ಬೇಕೆಂದೇ ತಿರುಗಿಸಿದಿರಿ ಎಂದು ನಾನು ಹೇಳುವುದಿಲ್ಲ. ಸಿಟ್ಟಿನಲ್ಲಿ ಬಿಚ್ಚಿ, ಸಿಟ್ಟಿನಲ್ಲೇ ಹಾಕಿರುತ್ತೀರಿ. ನನ್ನ ಕೋಪ ಆ ಕೈಯ ಮೇಲಲ್ಲ. ಹದಿನಾಲ್ಕು ಹಾಳೆ ಅಚ್ಚು ಹಾಕಿಸುವಷ್ಟು ಹೊತ್ತು ಇದ್ದವರಿಗೆ, ಒಂದು ಸಲ ಫೋನ್ ಮಾಡಿ “ಮನೇಲಿದ್ದೀಯಾ?” ಎಂದು ಕೇಳುವಷ್ಟು ಇರಲಿಲ್ಲ.

ಕ್ಲಿಪ್ಪು ಮುಟ್ಟಿಲ್ಲ, ಫೋಟೋ ತೆಗೆದಿದ್ದೇನೆ. ಸಲಹೆಗಾರ್ತಿ ಸೋಮವಾರ ಬೆಳಿಗ್ಗೆ ಬಂದು ಕಣ್ಣಾರೆ ನೋಡುತ್ತೇನೆ ಎಂದಿದ್ದಾರೆ. ಇಸ್ತ್ರಿಪೆಟ್ಟಿಗೆಯನ್ನು ನೀವೇ ಬಂದು ಹಾಕಿ, ಆರಿಸಿ. ಮಗಳು ಮನೆಯಲ್ಲೇ ಇರುತ್ತಾಳೆ, ನನ್ನ ಹತ್ತಿರವೇ.

ಇಂತಿ,
ರಾತ್ರಿಯೆಲ್ಲ ಮನೆಯಲ್ಲೇ ಮಲಗುವ,
ನಿಮ್ಮ ಮಗಳ ತಾಯಿ

ತಾ.ಕ.: ರಾತ್ರಿಯೆಲ್ಲ ಎಂದು ಬರೆದದ್ದು ಪೂರ್ತಿ ನಿಜವಲ್ಲ. ಆ ಹದಿನಾಲ್ಕರಲ್ಲಿ ಒಂದು ರಾತ್ರಿ ನಾವಿಬ್ಬರೂ ಮನೆಯಲ್ಲಿರಲಿಲ್ಲ. ಮಗಳಿಗೆ ಉಬ್ಬಸ ಜಾಸ್ತಿಯಾಗಿ ತುಟಿ ನೀಲಿಗಟ್ಟಿತು. ನರ್ಸಮ್ಮ, ನಾನು ಸೇರಿ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಬೆಳಗಿನವರೆಗೆ ಮೂಗಿಗೆ ಆಮ್ಲಜನಕ ಇಟ್ಟಿದ್ದರು. ಈಗ ಆರಾಮಿದ್ದಾಳೆ. ಅವತ್ತು ಅವಳು ಅಪ್ಪಾ ಎಂದು ಎರಡು ಸಲ ಕರೆದಳು. ನಿಮಗೆ ಹೇಳಿದರೆ ಅದನ್ನೂ ಹಾಳೆ ಮಾಡಿ ಅವಳನ್ನು ಕಿತ್ತುಕೊಳ್ಳುತ್ತೀರಿ ಎಂದು ಹೆದರಿ ಮುಚ್ಚಿಟ್ಟೆ. ತಪ್ಪು ನನ್ನದೇ, ಸೋಮವಾರ ಅವರಿಗೂ ಹೇಳುತ್ತೇನೆ. ಅಷ್ಟರೊಳಗೆ ನಿಮ್ಮ ಹಾಳೆಗಳನ್ನು ಒಂದೊಂದಾಗಿ ನೋಡಿ, ಅದು ಯಾವ ರಾತ್ರಿ ಎಂದು ಹುಡುಕಿ.