ಆಟದ ಟೀ

ಮಾರ್ಚ್ ೧೪, ಗುರುವಾರ

ದೊಡ್ಡ ಸ್ಕೂಲಿನವರು ಮಗಳಿಗೆ ಸೀಟಿಲ್ಲ ಎಂದರು. ಅಂಕಿ, ಪದ್ಯ ಎಲ್ಲ ಬಾಯಿಪಾಠ ಮಾಡಿಸಿದ್ದೆ. ಬಣ್ಣ ಬೆಳ್ಳಗೆ ಕಾಣಲೆಂದು ಪೌಡರನ್ನೂ ಬಳಿದಿದ್ದೆ. ಅವರು ಏನೂ ಕೇಳಲಿಲ್ಲ. ಆಟದ ಟೀ ಸೆಟ್ಟು ಕೊಟ್ಟು ಮಕ್ಕಳನ್ನು ಆಡಲು ಬಿಟ್ಟರು. ಗಾಜಿನಾಚೆಯಿಂದ ನೋಡುತ್ತಿದ್ದೆ. ಇವಳು ಎಲ್ಲರಿಗೂ ಟೀ ಹಂಚಿ, ಟ್ರೇ ಹಿಡಿದು ಗೋಡೆ ಪಕ್ಕ ನಿಂತಳು. ಕೊನೆಯವರೆಗೂ ಕೂರಲಿಲ್ಲ.

"ನಿಮ್ಮ ಮಗು ಯಾರ ಜೊತೇನೂ ಬೆರೆಯಲ್ಲ," ಎಂದರು ಟೀಚರು. ಬೆರೆಯಲು ಇವಳೇನು ಹಾಲಿಗೆ ಹಾಕುವ ಸಕ್ಕರೆಯೇ?

ಬಸ್ಸಿನಲ್ಲಿ ಮಗಳ ಮೇಲೆ ರೇಗಿದೆ. "ಕುರ್ಚಿ ಖಾಲಿ ಇತ್ತಲ್ಲೇ! ಕೂರೋಕೇನಾಗಿತ್ತು ನಿಂಗೆ?"

"ಕೆಲಸದ ಮನೇಲಿ ನೀನೂ ಕೂರಲ್ವಲ್ಲಮ್ಮ."

ಈಗ ಕುರ್ಚಿಯಲ್ಲಿ ಕೂತೇ ಬರೆಯುತ್ತಿದ್ದೇನೆ. ನೋಡಬೇಕಾದವಳು, ಪೌಡರನ್ನೆಲ್ಲ ದಿಂಬಿಗೆ ಮೆತ್ತಿ, ನಿದ್ದೆ ಹೋಗಿದ್ದಾಳೆ.