ಕಣ್ಣಿಲ್ಲದ ನವಿಲು

ನವಲಗುಂದ
೨೨ ನವೆಂಬರ್ ೨೦೨೪, ಶುಕ್ರವಾರ

ಪ್ರೀತಿಯ ಮರಿಯಮ್‌ಗೆ ನಿನ್ನ ಭಾಭಿಯ ಸಲಾಮು.

ನೀನು ಫೋನಿನಲ್ಲಿ ಕೇಳಿದೆ, ನಾನು ಮಾತು ಹಾರಿಸಿದೆ. ಅಮ್ಮಿ ಪಕ್ಕದ ಮಂಚದಲ್ಲೇ ಇದ್ದರು. ಕಣ್ಣು ಮಂಜಾದಷ್ಟೂ ಅವರ ಕಿವಿ ಚುರುಕಾಗಿದೆ. ಬೆಂಗಳೂರಿನಲ್ಲಿ ಆದದ್ದನ್ನು ಡೈರಿಯಲ್ಲಿ ಬರೆದು ನೋಡಿದೆ, ಎದೆಯ ಭಾರ ಇಳಿಯಲಿಲ್ಲ. ನಿನ್ನ ಅಣ್ಣನ ವಿಷಯ, ನಿನಗೇ ಬರೆಯಬೇಕು ಅನಿಸಿತು. ನಿನ್ನ ಯಜಮಾನರು ಸಾಧಿಕ್ ಹೇಳಿರುವುದು ಅರ್ಧ ಮಾತ್ರ. ಅವರು ಒಳಗೆ ಬರಲೇ ಇಲ್ಲ.

ಮೊದಲು ಮಗ್ಗದ ಕೋಣೆಯ ಮಾತು. ಬೇರೆ ಮನೆಗೆ ಹೋಗುವ ಮಗಳೆಂದು ನಿನ್ನನ್ನು ಆ ಹೊಸ್ತಿಲು ದಾಟಲು ಬಿಡಲಿಲ್ಲ. ಸೊಸೆ ಎಂದು ನನಗೆ ಕಲಿಸಿದರು. ಅಲ್ಲಿ ಕಲಿತದ್ದನ್ನು ಮನೆಮಗಳಿಗೆ ಹೇಳಬಾರದು. ಇವತ್ತು ಹೇಳುತ್ತೇನೆ. ಮನೆಯವರು ಯಾರಾದರೂ ದೂರ ಹೋಗುವಾಗ ಅವರಿಗಾಗಿ ನೇಯುವ ಜಮಖಾನೆಯಲ್ಲಿ ಮೂಲೆಯ ಒಂದು ನವಿಲಿಗೆ ಕಣ್ಣು ಇಡುವುದಿಲ್ಲ. ಅವರು ಪೂರ್ತಿಯಾಗಿ ಮನೆಗೆ ಮರಳಿದ ದಿನ ಕೆಂಪು ನೂಲಿನಿಂದ ಆ ಕಣ್ಣು ಹೆಣೆಯುತ್ತೇವೆ, ಹಿಂದೆ ಮುಂದೆ ಎಲ್ಲಿಯೂ ಗಂಟು ಕಾಣದ ಹಾಗೆ. ಆ ಹೆಣಿಗೆ ಬಲ್ಲವರು ಈಗ ಇಬ್ಬರೇ, ಅಮ್ಮಿ ಮತ್ತು ನಾನು.

ನಿನ್ನ ಅಣ್ಣ ನಿಯಾಜ್ ಬೆಂಗಳೂರಿಗೆ ಹೊರಟಾಗ ಎರಡು ಜಮಖಾನೆ ನೇಯ್ದೆ, ಒಂದೇ ಬಣ್ಣ, ಒಂದೇ ನಮೂನೆ. ಒಂದು ಅವರಿಗೆ, ಒಂದು ನನಗೆ. ಅವರದಕ್ಕೆ ಕಣ್ಣಿಡಲಿಲ್ಲ. ಈದ್‌ಗೆ ಬಂದಾಗಲೆಲ್ಲ ಅದನ್ನು ಯಾಕೆ ತರಲಿಲ್ಲ ಎಂದು ಕೇಳುತ್ತಿದ್ದೆ. "ಮುಂದಿನ ಸಲ ತರ್ತೀನಿ ಬಿಡು, ಅದೇನ ಓಡಿ ಹೋಗ್ತೈತಿ?" ಎನ್ನುತ್ತಿದ್ದರು. ಅಂಗಳದಲ್ಲಿ ನೇಯ್ದ ಮಾಲು ಮಡಚುವಾಗ ಆ ತುದಿ ಅವರದು, ಈ ತುದಿ ನನ್ನದು. ಮಡಚುವ ಮೊದಲು ಎರಡು ಸಲ ಮೆಲ್ಲಗೆ ಎಳೆದು ನಾನು ಮುಂದಕ್ಕೆ ಜೋಲಿ ಹೊಡೆಯುವಂತೆ ಮಾಡುವುದು ಅವರ ಚೇಷ್ಟೆ. ನೀನೂ ನೋಡಿ ನಕ್ಕಿದ್ದೀ.

ಕೊನೆಗೆ ಅವರು ಬಂದದ್ದು ಆಂಬುಲೆನ್ಸಿನಲ್ಲಿ. ಜಮಖಾನೆ ಬರಲಿಲ್ಲ. ಮಣ್ಣು ಮಾಡಿ ಬಂದ ದಿನದಿಂದ ಅಮ್ಮಿಯದು ಒಂದೇ ಮಾತು: "ನನ್ನ ಮಗ ಇನ್ನೂ ಮನಿಗೆ ಬಂದಿಲ್ಲ. ಮೊದಲ ಅವನ ಜಮಖಾನಿ ತರ್ರಿ." ಊಟ ಕಡಿಮೆಯಾಯಿತು, ಆಮೇಲೆ ಬರೀ ಚಹಾ. ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮುಗಿಯುವವರೆಗೆ ನಾನು ಮನೆ ಬಿಟ್ಟು ಹೋಗುವಂತಿರಲಿಲ್ಲ. ಮುಗಿದ ಮೇಲೆ ಕೆಂಪು ನೂಲು, ಸೂಜಿ, ಗುರುತಿಗೆಂದು ನನ್ನ ಜಮಖಾನೆ, ಎಲ್ಲವನ್ನೂ ದೊಡ್ಡ ಚೀಲದಲ್ಲಿ ಹಾಕಿಕೊಂಡು ಸಾಧಿಕ್ ಜೊತೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆ.

ಟೇಲರಿಂಗ್ ಅಂಗಡಿಯಲ್ಲಿ ಕೆಲಸ ಎಂದು ಅವರು ಹೇಳುತ್ತಿದ್ದರಲ್ಲ, ಅಂಗಡಿ ಇದೆ. ಇಸ್ರಾರ್ ಎಂಬುವವರು ಕೊರಳಿಗೆ ಟೇಪು ಹಾಕಿಕೊಂಡು ಮಷಿನಿನ ಮುಂದೆ ಕೂತಿದ್ದರು. ಮಷಿನಿಗೆ ಸೂಜಿಯೇ ಇಲ್ಲ. ಚಂದದ ಬಟ್ಟೆ ತೊಟ್ಟ ಗಂಡು ಹೆಣ್ಣು ಇಬ್ಬರು ಬಂದು "ತೋಳು ಬಿಗಿ ಆಗಿದೆ" ಎಂದರು. ಒಳಗೆ ಹೋಗಲು ಅದೇ ಗುಟ್ಟಿನ ಮಾತಂತೆ. ಹಿಂದಿನ ಗೋಡೆಗೆ ನಾನು ನಿನ್ನ ಅಣ್ಣನಿಗೆ ನೇಯ್ದ ಜಮಖಾನೆ ತೂಗುಬಿಟ್ಟಿದ್ದರು. ಅದೇ ಬಾಗಿಲು. ಅದರ ಹಿಂದೆ ಬಾರು. ಅಂಗಡಿ ಬರೀ ತೋರಿಕೆ, ಹೀಗೆ ಬಚ್ಚಿಟ್ಟ ಬಾರು ಆ ಊರಿನ ಹೊಸ ಶೋಕಿಯಂತೆ.

ಸಾಧಿಕ್ "ತೋಬಾ ತೋಬಾ, ನಾ ಒಳಗ ಬರಾಂಗಿಲ್ಲ ಭಾಭಿ, ನೀವ ಹೋಗಿ ಬರ್ರಿ" ಎಂದು ರಸ್ತೆಗೆ ಇಳಿದುಬಿಟ್ಟರು.

ಒಳಗೆ ಮಬ್ಬು ಬೆಳಕು, ಹಿತ್ತಾಳೆಯ ಕಟ್ಟೆ, ಒಂದೊಂದು ಗ್ಲಾಸಿಗೆ ಒಂದೊಂದು ಬಣ್ಣ. ಗಾಜಿನ ಮುಚ್ಚಳದಡಿ ಹೊಗೆ ತುಂಬಿಸಿ ತಂದುಕೊಡುತ್ತಾರೆ. ಜನ ಬಹಳ ಮೆಲ್ಲಗೆ ಮಾತಾಡುತ್ತಾರೆ. ಅಣ್ಣಿಗೇರಿಯ ರೋಹಿಣಿ ಎಂಬ ಹುಡುಗಿ, ನಿನ್ನ ಅಣ್ಣನ ಜೊತೆ ಕೆಲಸ ಮಾಡಿದವಳು, ನನ್ನ ಕೈ ಹಿಡಿದುಕೊಂಡಳು. ಮದ್ಯಕ್ಕೆ ಗುಲ್ಕಂದು, ಕೋಕಂ, ಕರಿಬೇವು ಬೆರೆಸಿ ಹೊಸ ಹೊಸ ಕಾಕ್‌ಟೇಲ್ ಮಾಡುತ್ತಿದ್ದವರು ನಿನ್ನ ಅಣ್ಣನಂತೆ. "ಒಂದ ಹನಿ ನಾಲಗಿಗೆ ಹಚ್ಚಲಿಲ್ರಿ ಅಕ್ಕಾ. ಮುಂಗೈ ಮ್ಯಾಲೆ ಹಾಕ್ಕೊಂಡು ವಾಸನಿ ನೋಡಾವ್ರು. ಅತ್ತರ್ ಸಾಬ್ರು ಅಂತ ಕಾಡಸ್ತಿದ್ವಿ," ಎಂದಳು.

ನಾನು ಹಿಂತಿರುಗಿ ಜಮಖಾನೆಯ ಮೂಲೆ ಹುಡುಕಿದೆ. ನವಿಲಿಗೆ ಕಣ್ಣಿತ್ತು.

ಬೆರಳಾಡಿಸಿದೆ. ಹಿಂದೆ ಗಂಟಿಲ್ಲ, ಮುಂದೆ ಗಂಟಿಲ್ಲ. ನಮ್ಮ ಮನೆಯ ಹೆಣಿಗೆಯೇ. ಅಮ್ಮಿ ಮಂಚ ಬಿಟ್ಟು ಏಳದೆ ಎಷ್ಟೋ ಕಾಲವಾಯಿತು, ನಾನು ಆ ಊರಿಗೆ ಕಾಲಿಟ್ಟದ್ದೇ ಅವತ್ತು. ಯಾರು ಹೆಣೆದರು ಎಂದು ಕೇಳಿದೆ.

"ನಿಯಾಜಣ್ಣನ್ನ ಆಂಬುಲೆನ್ಸಿನ್ಯಾಗ ಊರಿಗೆ ಕಳಿಸಿ ಬಂದು ನೋಡ್ತೀವಿ, ಕಣ್ಣ ಬಂದಿತ್ರಿ. ಮುಂಜಾನೆ ಇರಲಿಲ್ಲ," ಎಂದಳು ರೋಹಿಣಿ. ಅಷ್ಟರಲ್ಲಿ ಒಳಗೆ ಬಂದಿದ್ದ ಇಸ್ರಾರ್ ತಲೆ ತಗ್ಗಿಸಿಯೇ ಹೇಳಿದರು: "ಅವತ್ತಿಂದ ನಾನು ಎತ್ತೋಕೆ ಮೊದಲೇ ಈ ಪರದೆ ಎದ್ದಿರುತ್ತೆ. ಬಂದವರು ಒಳಗಿಂದ ಎತ್ತಿ ಹಿಡಿದವರಿಗೆ ಥ್ಯಾಂಕ್ಸ್ ಹೇಳಿ ಹೋಗ್ತಾರೆ. ಒಳಗೆ ಯಾರೂ ಇರಲ್ಲ."

ಕಣ್ಣು ಬಂತೆಂದರೆ ಮನೆ ಸೇರಿದರು ಎಂದರ್ಥ. ಯಾವ ಮನೆ, ಮರಿಯಮ್? ಈದ್‌ಗೆ ಬರುವಾಗ ಜಮಖಾನೆ ಮರೆತು ಬರುತ್ತಾರೆ ಎಂದುಕೊಂಡಿದ್ದೆ. ಮರೆತಿರಲಿಲ್ಲ ಎಂದು ಅಲ್ಲಿ ನಿಂತಾಗ ತಿಳಿಯಿತು.

ಒಯ್ಯುತ್ತೇನೆ ಎಂದೆ. ಯಾರೂ ಬೇಡ ಎನ್ನಲಿಲ್ಲ. ಇಸ್ರಾರ್ ಅಂಗಡಿಯ ಶಟರ್ ಎಳೆದು ಬಂದು ನನ್ನ ಮುಂದೆ ಸ್ಟೂಲು ಇಟ್ಟರು.

ಈಗ ಅಮ್ಮಿಯ ಮಂಚದ ಮೇಲೆ ಜಮಖಾನೆ ಹಾಸಿದೆ. ಹಾಸಿದ ಕೂಡಲೇ ಅಂಗೈ ಸವರಿ ಮೂಲೆಯ ನವಿಲನ್ನು ಹುಡುಕಿದರು, ಕಣ್ಣು ಮುಟ್ಟಿದರು. "ಬಂದ್ಯಾ," ಎಂದರು. ಹಾಲಿನಲ್ಲಿ ರೊಟ್ಟಿ ನೆನೆಸಿ ಕೊಟ್ಟೆ, ಪೂರ್ತಿ ತಿಂದು ಮಲಗಿದರು. ಅವರ ಚಿಂತೆ ಬಿಡು. ಸಾಧಿಕ್‌ಗೆ ಸಲಾಮು ತಿಳಿಸು. ಪಾಪ, ರಸ್ತೆಯಲ್ಲಿ ನಿಂತು ನಿಂತು ಕಾಲು ನೊಂದಿರಬೇಕು.

ನಿನ್ನ ಭಾಭಿ,
ರುಬಿಯಾ

ತಾ.ಕ.: ಇದನ್ನು ಸಾಧಿಕ್‌ಗೂ ಹೇಳಬೇಡ. ಅಮ್ಮಿಯ ಮಂಚದ ಮೇಲಿರುವುದು ನನ್ನ ಜಮಖಾನೆ. ನಾನು ಎಲ್ಲಿಗೂ ಹೋದವಳಲ್ಲ, ಅದರ ನವಿಲಿಗೆ ಮೊದಲಿನಿಂದಲೂ ಕಣ್ಣಿದೆ. ಅವರದು ಆ ಬಾಗಿಲಿನಲ್ಲೇ ಇದೆ. ಸ್ಟೂಲು ಹತ್ತಿ ಒಂದು ಬದಿ ಬಿಚ್ಚಿ, ತುದಿ ಕೈಗೆ ತೆಗೆದುಕೊಂಡಿದ್ದೆ. ರೋಹಿಣಿ, ಇಸ್ರಾರ್ ಇಬ್ಬರೂ ನನ್ನ ಬೆನ್ನ ಹಿಂದೆ ಇದ್ದರು. ಜಮಖಾನೆಯ ಆ ಕಡೆ ಮುಚ್ಚಿದ ಅಂಗಡಿ, ಬರೀ ಮಷಿನು, ಒಂದು ನರಪಿಳ್ಳೆ ಇಲ್ಲ. ಆ ಕಡೆಯಿಂದ ಎರಡು ಸಲ ಮೆಲ್ಲಗೆ ಎಳೆದರು. ನಾನು ಮುಂದಕ್ಕೆ ಜೋಲಿ ಹೊಡೆದೆ. ತುದಿ ಬಿಟ್ಟುಕೊಟ್ಟೆ.